ಬೇಳ ಯಾಕೆ ಎರಡು ಸಲ ಬರುತ್ತಿದೆ? ಕೋಡ್ ತೋರಿಸಿ ಕೇಳುವುದು ಹೇಗೆ?

ಪೆರ್ಲದವಳು | ಶನಿವಾರ ರಾತ್ರಿ 8.50

ನಮಸ್ಕಾರ. ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಮನೆ. ಅಪ್ಪನಿಗೆ ಅಡಿಕೆ ಅಂಗಡಿ ಉಂಟು. ಅದರ ಲೆಕ್ಕಕ್ಕೆ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ಯಾವ ಊರಿನಿಂದ ಎಷ್ಟು ಕಿಲೋ ಬಂತು, ಅದರಲ್ಲಿ ಹೊಸತು ಎಷ್ಟು, ಹಳತು ಎಷ್ಟು, ಪಟೋರ ಎಷ್ಟು, ಕರಿಗೋಟು ಎಷ್ಟು (ಇವೆಲ್ಲ ಅಡಿಕೆಯ ಬಗೆಗಳು) ಅಂತ ಒಟ್ಟು ಹೇಳಬೇಕು. ಹೇಳುತ್ತದೆ. ಆದರೆ ಕೆಲವು ಊರು ಎರಡೆರಡು ಸಲ ಬರುತ್ತವೆ. ಬೇಳ ಅಂತ ಒಂದು ಸಾಲು, ಸ್ವಲ್ಪ ಕೆಳಗೆ ಮತ್ತೆ ಬೇಳ ಅಂತ ಇನ್ನೊಂದು ಸಾಲು. ಎರಡರಲ್ಲೂ ಬೇರೆ ಬೇರೆ ಮೊತ್ತ.

ಒಂದು ವಾಟ್ಸಾಪ್ ಗುಂಪಿನಲ್ಲಿ ಲ್ಯಾಪ್‌ಟಾಪ್ ಪರದೆಯ ಫೋಟೋ ತೆಗೆದು ಹಾಕಿದೆ. "ಸ್ಪೇಸ್ ಇರಬಹುದು, ತೆಗೀರಿ" ಅಂದರು ಒಬ್ಬರು. ತೆಗೆದೆ, ಹೋಗಲಿಲ್ಲ. "ಫೋಟೋ ನೋಡಿ ಯಾರು ಟೈಪ್ ಮಾಡುತ್ತಾರೆ" ಅಂದರು ಇನ್ನೊಬ್ಬರು. ಸರಿ ಅಂತ ಇಡೀ ಕೋಡ್ ಕಾಪಿ ಮಾಡಿ ಹಾಕಿದೆ, 380 ಸಾಲು. "ಮಹಾಭಾರತ ಹಾಕಬೇಡಿ" ಅಂತ ಮತ್ತೆ ಬೈದರು. ಅದರಲ್ಲೂ ಅಲ್ಲಲ್ಲಿ ನಕ್ಷತ್ರ ಚಿಹ್ನೆ ಮಾಯವಾಗಿ ಅಕ್ಷರ ದಪ್ಪ ಆಗಿತ್ತು. ಆಮೇಲೆ ಯಾರೂ ಮಾತಾಡಲಿಲ್ಲ.

ಕೇಳುವುದು ಎರಡು. ಬೇಳ ಯಾಕೆ ಎರಡು ಸಲ ಬರುತ್ತದೆ? ಮತ್ತೆ, ಕೋಡ್ ಬಗ್ಗೆ ಕೇಳುವಾಗ ಸರಿಯಾಗಿ ಕೇಳುವುದು ಹೇಗೆ? ನಮ್ಮ ಕಡೆ ಪಕ್ಕದಲ್ಲಿ ಕೂತು ಹೇಳಿಕೊಡುವವರು ಯಾರೂ ಇಲ್ಲ. ನನಗೆ ಇದನ್ನು ಕಲಿಯಬೇಕು.

ಗಡಿಮನೆ | 8.58

ಫೋಟೋ ಹಾಕಬೇಡಿ. ಮೊದಲ ಪಾಠ ಅದೇ.

ತಾಳವಾಡಿ ಬೆಟ್ಟ | 9.04

ಅಷ್ಟು ಗಟ್ಟಿಯಾಗಿ ಹೇಳುವುದು ಯಾಕೆ? ನಾನು ಕಲಿಯುವಾಗ ಕಾಲೇಜಿನ ಲ್ಯಾಬ್‌ನಲ್ಲಿ ಇಂಟರ್ನೆಟ್ ಇರಲಿಲ್ಲ. ಫೋನ್‌ನಲ್ಲಿ ಮಾತ್ರ ಡೇಟಾ. ಪರದೆಯ ಫೋಟೋ ತೆಗೆದು ಕಳಿಸುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಫೋಟೋ ಹಾಕುವವರೆಲ್ಲ ಸೋಮಾರಿಗಳಲ್ಲ.

ಆದವಾನಿ ಧ್ವನಿ | 9.15

ತಾಳವಾಡಿ ಅಣ್ಣಾ, ನಿಮ್ಮ ಕಷ್ಟ ಅರ್ಥ ಆಗುತ್ತದೆ. ನನ್ನದೂ ಸ್ವಲ್ಪ ಕೇಳಿ. ನನಗೆ ಕಣ್ಣು ಕಾಣುವುದಿಲ್ಲ. ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಇಟ್ಟುಕೊಂಡು ಏಳು ವರ್ಷದಿಂದ ಕೋಡ್ ಬರೆಯುತ್ತಿದ್ದೇನೆ. ಅಕ್ಷರವಾಗಿ ಬಂದ ಕೋಡ್ ಎಷ್ಟೇ ಕೆಟ್ಟದಾಗಿದ್ದರೂ ಓದಿಸಿಕೊಳ್ಳುತ್ತೇನೆ. ಪೈಥಾನ್ ಸಾಲು ಎಷ್ಟು ಒಳಗೆ ಸರಿದಿದೆ ಅನ್ನುವುದನ್ನು ಕೂಡ ಅದು ಒಂದು ಸ್ವರದಲ್ಲಿ ಹೇಳುತ್ತದೆ. ಒಳಗೆ ಹೋದಷ್ಟೂ ಸ್ವರ ಬದಲಾಗುತ್ತದೆ, ಕಿವಿಗೆ ಅಭ್ಯಾಸ ಆಗಿಬಿಟ್ಟಿದೆ. ಫೋಟೋ ಬಂದರೆ "ಚಿತ್ರ" ಅಂತ ಒಂದು ಮಾತು ಹೇಳಿ ಸುಮ್ಮನಾಗುತ್ತದೆ. ಉತ್ತರ ಗೊತ್ತಿದ್ದರೂ ನಾನು ಹೇಳುವ ಹಾಗಿಲ್ಲ. ಬಣ್ಣಬಣ್ಣದ ಹಿನ್ನೆಲೆ ಹಾಕಿ ಕೋಡನ್ನು ಚಂದದ ಚಿತ್ರ ಮಾಡಿ ಹಂಚುತ್ತಾರಲ್ಲ, ಅದೂ ನನಗೆ ಹಾಗೆಯೇ.

ತಾಳವಾಡಿ ಬೆಟ್ಟ | 9.19

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಸರಿ, ಅನಿವಾರ್ಯ ಆದರೆ ಮಾತ್ರ ಫೋಟೋ, ಅದರ ಜೊತೆ ಆ ನಾಲ್ಕು ಸಾಲು ಕೈಯಲ್ಲಿ ಟೈಪ್ ಮಾಡಿ ಹಾಕಬೇಕು. ಇಷ್ಟಕ್ಕೆ ನಾನು ಒಪ್ಪುತ್ತೇನೆ.

ಚಂದ್ರಗಿರಿ ತೀರ | 9.31

ಪೆರ್ಲದ ತಂಗಿ, ನಕ್ಷತ್ರ ಮಾಯವಾದದ್ದು ಯಾಕೆ ಅಂತ ಹೇಳುತ್ತೇನೆ. ವಾಟ್ಸಾಪ್‌ನಲ್ಲಿ ಎರಡು ನಕ್ಷತ್ರದ ನಡುವೆ ಇರುವುದು ದಪ್ಪ ಅಕ್ಷರ ಆಗುತ್ತದೆ. ಎರಡು ಅಂಡರ್‌ಸ್ಕೋರ್ ನಡುವೆ ಇರುವುದು ಓರೆ ಅಕ್ಷರ. ಕೋಡ್‌ನಲ್ಲಿ ನಕ್ಷತ್ರ ಗುಣಿಸುವ ಚಿಹ್ನೆ, ಅದು ಹೋದರೆ ಲೆಕ್ಕವೇ ಹೋಯಿತು ಅಲ್ವಾ? ಕೋಡಿನ ಮೊದಲಿಗೆ ಮೂರು ಬ್ಯಾಕ್‌ಟಿಕ್ (` ಚಿಹ್ನೆ), ಕೊನೆಗೆ ಮೂರು ಬ್ಯಾಕ್‌ಟಿಕ್ ಹಾಕಿದರೆ ಒಳಗಿರುವುದನ್ನು ಮುಟ್ಟುವುದಿಲ್ಲ.

ಇನ್ನೊಂದು ಉಂಟು. ಕೆಲವು ಫೋನ್‌ಗಳ ಕೀಬೋರ್ಡ್ ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ತಾನೇ ಬಾಗಿಸುತ್ತದೆ. ನೋಡಲು ಚಂದ, ಆದರೆ ಓಡಿಸಿದರೆ ಸಿಂಟ್ಯಾಕ್ಸ್ ಎರರ್. ಫೋನ್‌ನಲ್ಲಿ ಕೋಡ್ ಟೈಪ್ ಮಾಡುವವರು ಇದನ್ನು ಒಮ್ಮೆ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ.

ನಾನು ಹಳಬ. ಐಆರ್‌ಸಿ ಅನ್ನುವ ಹಳೆಯ ಚಾಟ್‌ನಲ್ಲಿ ಕೂತು ಮಾತಾಡುತ್ತಿದ್ದ ಕಾಲದಲ್ಲಿ ಹತ್ತು ಸಾಲು ಒಟ್ಟಿಗೆ ಸುರಿದರೆ ಚಾನೆಲ್‌ನಿಂದ ಹೊರಗೆ ಹಾಕುತ್ತಿದ್ದರು. ಪೇಸ್ಟ್‌ಬಿನ್ 2002ರಲ್ಲಿ ಬಂತು, ಆಮೇಲೆ 2008ರಲ್ಲಿ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನವರ ಗಿಸ್ಟ್. ಕೋಡ್ ಅಲ್ಲಿ ಹಾಕು, ಲಿಂಕ್ ಇಲ್ಲಿ ಕೊಡು ಅನ್ನುವ ಅಭ್ಯಾಸ ನಮಗೆ ಹಾಗೆ ಬಂದದ್ದು.

ಸೊಲ್ಲಾಪುರ ಚಾದರ | 9.47

ಎಲ್ಲಿ ಹಾಕಬೇಕು ಅನ್ನುವುದು ಆಮೇಲೆ. ಎಷ್ಟು ಹಾಕಬೇಕು ಅನ್ನುವುದು ಮೊದಲು. 380 ಸಾಲಿನಲ್ಲಿ ನಿಮ್ಮ ತೊಂದರೆ ಇರುವುದು ಹತ್ತು ಸಾಲಿನಲ್ಲಿ. ಆ ಹತ್ತು ಸಾಲು ಹುಡುಕುವ ಕೆಲಸ ನಿಮ್ಮದು, ಓದುವವರದ್ದಲ್ಲ. ಸ್ಟಾಕ್ ಓವರ್‌ಫ್ಲೋ ಅನ್ನುವ ಕೋಡ್ ಪ್ರಶ್ನೋತ್ತರದ ತಾಣದಲ್ಲಿ ಇದಕ್ಕೆ ಮಿನಿಮಲ್ ರಿಪ್ರೊಡ್ಯೂಸಿಬಲ್ ಎಕ್ಸಾಂಪಲ್ ಅನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಇಷ್ಟೇ: ನಾನು ಅದನ್ನು ಕಾಪಿ ಮಾಡಿ ನನ್ನ ಕಂಪ್ಯೂಟರ್‌ನಲ್ಲಿ ಓಡಿಸಿದರೆ ನಿಮಗೆ ಬಂದ ತಪ್ಪೇ ನನಗೂ ಬರಬೇಕು.

ಹೇಗೆ ಮಾಡುವುದು? ಫೈಲಿನ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಬಿಲ್ ಪ್ರಿಂಟ್ ಮಾಡುವ ಭಾಗ ತೆಗೀರಿ, ಓಡಿಸಿ. ತಪ್ಪು ಇನ್ನೂ ಇದೆಯಾ? ಹಾಗಾದರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮುಂದಿನ ಭಾಗ ತೆಗೀರಿ. ತಪ್ಪು ಮಾಯವಾದರೆ ಈಗ ತೆಗೆದದ್ದನ್ನು ವಾಪಸ್ ಹಾಕಿ. ಹೀಗೆ ಬಟಾಣಿ ಸುಲಿದ ಹಾಗೆ ಸುಲಿಯುತ್ತಾ ಹೋಗಿ. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಸಲ ಸುಲಿಯುವಾಗಲೇ ಉತ್ತರ ಸಿಕ್ಕಿಬಿಡುತ್ತದೆ, ಕೇಳುವ ಅಗತ್ಯವೇ ಬೀಳುವುದಿಲ್ಲ.

ಡೇಟಾ ಕೂಡ ಹಾಗೆಯೇ. ನಾಲ್ಕು ಸಾಲು ಸಾಕು. ಆದರೆ ನಿಜವಾದ ಫೈಲಿನಿಂದಲೇ ಕಾಪಿ ಮಾಡಿ. ಹೊಸದಾಗಿ ಟೈಪ್ ಮಾಡಬೇಡಿ.

ಮಡಕಶಿರಾ ರಾಗಿ | 9.52

ಇಷ್ಟೆಲ್ಲ ಯಾಕೆ? ಚಾಟ್‌ಜಿಪಿಟಿಗೆ ಕೇಳಿದರೆ ಎರಡು ನಿಮಿಷದ ಕೆಲಸ.

ಪೆರ್ಲದವಳು | 9.58

ಕೇಳಿದ್ದೆ ಅಣ್ಣಾ. ಸ್ಪೇಸ್ ತೆಗೆಯಿರಿ, ದೊಡ್ಡ ಅಕ್ಷರ ಸಣ್ಣ ಅಕ್ಷರ ಒಂದೇ ಮಾಡಿ ಅಂತ ಹೇಳಿತು. ಕನ್ನಡದಲ್ಲಿ ದೊಡ್ಡ ಅಕ್ಷರ ಎಲ್ಲಿ ಉಂಟು?

ಸೊಲ್ಲಾಪುರ ಚಾದರ | 10.01

ಅದಕ್ಕೂ ನೀವು ಕೊಟ್ಟದ್ದು ಫೋಟೋ ಅಥವಾ ವಿವರಣೆ ಮಾತ್ರ, ಅಲ್ವಾ? ಮನುಷ್ಯರನ್ನು ಕೇಳಿ, ಯಂತ್ರವನ್ನು ಕೇಳಿ, ಸಣ್ಣದು ಮಾಡಿ ಕೇಳುವುದು ಎರಡಕ್ಕೂ ಬೇಕು.

ಅಕ್ಕಲಕೋಟೆ ಮಾಸ್ತರ | 10.20

ಕೋಡ್ ಹಾಕುವ ಮೊದಲು ಒಂದು ನಿಮಿಷ ನಿಲ್ಲಿ. ಅದರೊಳಗೆ ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಯನ್ನು ಬಳಸಲು ಪ್ರೋಗ್ರಾಂಗೆ ಕೊಡುವ ಗುಟ್ಟಿನ ಸಂಕೇತ), ಗಿರಾಕಿಗಳ ಫೋನ್ ನಂಬರ್ ಇದೆಯಾ ನೋಡಿಕೊಳ್ಳಿ.

ಇದು ನನಗೆ ಆಗಿದೆ, ಅದಕ್ಕೇ ಹೇಳುತ್ತಿದ್ದೇನೆ. ಒಂದು ಸಂಸ್ಥೆಗೆ ಎಸ್ಎಂಎಸ್ ಕಳಿಸುವ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ಸಂದೇಶದಲ್ಲಿ ಕನ್ನಡ, ಮರಾಠಿ ಅಕ್ಷರ ಒಡೆದು ಹೋಗುತ್ತಿತ್ತು. ಇಡೀ ಫೈಲನ್ನು ಗಿಸ್ಟ್‌ನಲ್ಲಿ ಹಾಕಿ ಒಂದು ಕಡೆ ಲಿಂಕ್ ಕೊಟ್ಟೆ. ಏಳನೇ ಸಾಲಿನಲ್ಲಿ ಎಸ್ಎಂಎಸ್ ಕೀ ಹಾಗೇ ಇತ್ತು. ಸಂಜೆ ಹಾಕಿದ್ದು, ಬೆಳಿಗ್ಗೆ ಎದ್ದು ನೋಡಿದರೆ ಖಾತೆಯಲ್ಲಿದ್ದ ಎಲ್ಲ ಸಂದೇಶಗಳೂ ಖಾಲಿ. ಯಾರು ಯಾರಿಗೆ ಏನು ಕಳಿಸಿದರೋ. ಆ ದುಡ್ಡು ನಾನೇ ಕಟ್ಟಿದೆ. ಅದಕ್ಕಿಂತ ಜಾಸ್ತಿ ನೋವಾದದ್ದು ಆ ಸಂಸ್ಥೆಯವರ ಮುಂದೆ ನಿಂತು ಹೇಳಬೇಕಾದಾಗ.

ಗಡಿಮನೆ | 10.24

ಸೀಕ್ರೆಟ್ ಗಿಸ್ಟ್ ಅಂತ ಒಂದಿದೆ ಸರ್. ಅದರಲ್ಲಿ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ.

ಅಕ್ಕಲಕೋಟೆ ಮಾಸ್ತರ | 10.29

ಇಲ್ಲ ತಮ್ಮಾ, ಅಲ್ಲೇ ಎಲ್ಲರೂ ತಪ್ಪುವುದು. ಸೀಕ್ರೆಟ್ ಅಂದರೆ ಹುಡುಕಿದರೆ ಸಿಗುವುದಿಲ್ಲ, ಅಷ್ಟೇ. ಲಿಂಕ್ ಯಾರ ಕೈಗೆ ಸಿಕ್ಕರೂ ತೆರೆಯುತ್ತದೆ. ಆಮೇಲೆ ತಿದ್ದಿದರೂ ಸಾಲದು. ಗಿಸ್ಟ್ ಅನ್ನುವುದೇ ಒಂದು ಗಿಟ್ ರೆಪೊ (ಪ್ರತಿ ಬದಲಾವಣೆಯನ್ನೂ ಉಳಿಸಿಡುವ ಸಂಗ್ರಹ), ಹಳೆಯ ಆವೃತ್ತಿ ಹಾಗೇ ಉಳಿದಿರುತ್ತದೆ. ಕೀ ಹೊರಗೆ ಬಿತ್ತು ಅಂದರೆ ಮೊದಲು ಆ ಕೀಯನ್ನೇ ರದ್ದು ಮಾಡಿ ಹೊಸದು ತೆಗೆದುಕೊಳ್ಳಬೇಕು. ಅಳಿಸುವುದು, ತಿದ್ದುವುದು ಎಲ್ಲ ಆಮೇಲೆ.

ಪೆರ್ಲದವಳು | 11.35

ಕೂತು ಸುಲಿದೆ. 380 ಸಾಲು ಈಗ 9 ಸಾಲು. ಗಿರಾಕಿಗಳ ಹೆಸರು, ನಂಬರ್ ಇರುವ ಕಾಲಂಗಳನ್ನೆಲ್ಲ ತೆಗೆದೆ. ಊರು ಮತ್ತು ಕಿಲೋ ಮಾತ್ರ ಇಟ್ಟೆ. ಕೋಡ್ ಕೆಳಗಿನ ಲಿಂಕ್‌ನಲ್ಲಿ ಉಂಟು, ಡೇಟಾ 12 ಸಾಲು ಅದರ ಒಳಗೇ ಉಂಟು. ಓಡಿಸಿದರೆ ಬೇಳ ಎರಡು ಸಲ ಬರುತ್ತದೆ.

ಸುಲಿಯುವಾಗ ಒಂದು ಕಣ್ಣಿಗೆ ಬಿತ್ತು. ಪೆರ್ಲ, ಬದಿಯಡ್ಕ, ಕುಂಬಳೆ, ಎಣ್ಮಕಜೆ ಸರಿಯಾಗಿ ಒಂದೇ ಸಲ ಬರುತ್ತವೆ. ಬೇಳ, ನೀರ್ಚಾಲು, ಮುಳ್ಳೇರಿಯ, ಮಂಜೇಶ್ವರ ಎರಡು ಸಲ. ಎಲ್ಲವೂ ದೀರ್ಘ ಇರುವ ಊರುಗಳು! ಇದಕ್ಕೆ ಏನಾದರೂ ಅರ್ಥ ಉಂಟಾ?

ಹೊಸೂರು ಗುಲಾಬಿ | 11.52

ಅರ್ಥ ಇದೆ! ನಿಮ್ಮ ಕೋಡ್ ಓಡಿಸಿದೆ. ಎರಡೂ ಬೇಳದ ಉದ್ದ ಎಷ್ಟು ಅಂತ ಪೈಥಾನ್‌ಗೆ ಕೇಳಿದೆ. ಮೊದಲನೆಯದು 3 ಅಂತು. ಎರಡನೆಯದು 4 ಅಂತು. ನೀರ್ಚಾಲು ಕೇಳಿದೆ, ಒಂದು 8, ಇನ್ನೊಂದು 9.

ಬಿಡಿಸಿ ನೋಡಿದರೆ ಮೊದಲನೆಯದರಲ್ಲಿ ಇರುವುದು ಬ, ೇ, ಳ. ಎರಡನೆಯದರಲ್ಲಿ ಬ, ೆ, ೕ, ಳ. ಅಂದರೆ ಏತ್ವದ ದೀರ್ಘ ಬೇರೆ ಆಗಿ ಕೂತಿದೆ. ಆ ಬಾಲಕ್ಕೆ ಯುನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ) ಕನ್ನಡ ಲೆಂತ್ ಮಾರ್ಕ್ ಅಂತಲೇ ಹೆಸರು. ಪರದೆ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಕಂಪ್ಯೂಟರ್‌ಗೆ ಅವು ಬೇರೆ ಬೇರೆ ಪದ.

ನೀವು ಫೋಟೋ ಹಾಕಿದ್ದರೆ ಇದನ್ನು ಯಾರೂ ಎಂದಿಗೂ ಹಿಡಿಯುತ್ತಿರಲಿಲ್ಲ. ಫೋಟೋದಲ್ಲಿ ಎರಡೂ ಬೇಳವೇ.

ತಾಳವಾಡಿ ಬೆಟ್ಟ | 11.55

ಬೇಳ ಅಂದರೆ ಎರಡು ಅಕ್ಷರ. 3 ಎಲ್ಲಿಂದ ಬಂತು?

ಹೊಸೂರು ಗುಲಾಬಿ | 11.59

ನಾವು ಎಣಿಸುವುದು ಅಕ್ಷರ. ಪೈಥಾನ್ ಎಣಿಸುವುದು ಕೋಡ್ ಪಾಯಿಂಟ್. ವ್ಯಂಜನ ಒಂದು, ಅದಕ್ಕೆ ಹಚ್ಚಿದ ಸ್ವರ ಚಿಹ್ನೆ ಇನ್ನೊಂದು. ಕಾಸರಗೋಡು ನಮಗೆ 5 ಅಕ್ಷರ, ಪೈಥಾನ್‌ಗೆ 8. ಗೋ ಒಡೆದು ಬರೆದಿದ್ದರೆ 10.

ಪರಿಹಾರ ಒಂದೇ ಸಾಲು. ಪೈಥಾನ್‌ನಲ್ಲಿ ಯುನಿಕೋಡ್‌ಡೇಟಾ ಅನ್ನುವ ಮಾಡ್ಯೂಲ್ ಜೊತೆಗೇ ಬರುತ್ತದೆ. ಅದರ ನಾರ್ಮಲೈಸ್‌ಗೆ ಎನ್ಎಫ್‌ಸಿ ಅಂತ ಹೇಳಿ ಊರಿನ ಹೆಸರು ಕೊಟ್ಟರೆ ಒಡೆದದ್ದನ್ನು ಕೂಡಿಸಿ ಕೊಡುತ್ತದೆ. ಫೈಲ್ ಓದುವ ಜಾಗದಲ್ಲೇ ಮಾಡಿ, ಮೊತ್ತ ಹಾಕುವ ಜಾಗದಲ್ಲಿ ಅಲ್ಲ.

ಚಂದ್ರಗಿರಿ ತೀರ | ಭಾನುವಾರ ಬೆಳಿಗ್ಗೆ 6.40

ದೀರ್ಘ ಮಾತ್ರ ಅಂತ ತಿಳಿಯಬೇಡಿ. ಒಡೆದು ಬರೆಯಲು ಬರುವ ಚಿಹ್ನೆ ಐದು: ೀ, ೇ, ೈ, ೊ, ೋ. ಮೊಗ್ರಾಲ್‌ನ ಮೊದಲ ಅಕ್ಷರದಲ್ಲಿ ದೀರ್ಘ ಎಲ್ಲಿದೆ? ಒತ್ವ ಹ್ರಸ್ವವೇ. ಪೈವಳಿಕೆಯಲ್ಲಿ ಇರುವುದು ಐತ್ವ. ಅವೂ ಒಡೆದಿರಬಹುದು, ನೋಡಿ.

ಪೆರ್ಲದವಳು | 7.15

ಹೌದು! ಪೈವಳಿಕೆ ಎರಡು ಸಲ ಇತ್ತು, ನಾನು ಗಮನಿಸಿರಲಿಲ್ಲ. ನಾರ್ಮಲೈಸ್ ಹಾಕಿದ ಮೇಲೆ ಎಲ್ಲ ಊರೂ ಒಂದೊಂದೇ ಸಲ. ಅಪ್ಪನಿಗೆ ತೋರಿಸಿದೆ. ಅವರು ಕೈಬರಹದ ಪುಸ್ತಕದ ಮೊತ್ತದ ಜೊತೆ ತಾಳೆ ನೋಡಿದರು, ಬೇಳದ್ದು ಕಿಲೋ ಸಹಿತ ಸರಿ ಬಂತು.

ಎಲ್ಲಿಂದ ಬಂತು ಅಂತಲೂ ಗೊತ್ತಾಯಿತು. ಹಳೆಯ ಲೆಕ್ಕ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಅದನ್ನು ಯುನಿಕೋಡ್ ಮಾಡಲು ನೆಟ್‌ನಲ್ಲಿ ಸಿಕ್ಕಿದ ಒಂದು ಕನ್ವರ್ಟರ್ ಕೋಡ್ ಬಳಸಿದ್ದೆ. ಅದು ಫಾಂಟಿನಲ್ಲಿ ತುಂಡು ತುಂಡಾಗಿ ಇದ್ದದ್ದನ್ನು ತುಂಡು ತುಂಡಾಗಿಯೇ ಬರೆದಿದೆ. ಹೊಸ ಸಾಲುಗಳು ನಾನು ಫೋನ್‌ನಲ್ಲಿ ಟೈಪ್ ಮಾಡಿದ್ದು, ಅವು ಸರಿ ಇವೆ.

ಆದವಾನಿ ಧ್ವನಿ | 7.40

ಇನ್ನೊಂದು ಅಡಗಿರುತ್ತದೆ, ನೋಡಿ, ಅಕ್ಷರಗಳು ಕೂಡಿ ಒತ್ತಕ್ಷರ ಆಗದ ಹಾಗೆ ತಡೆಯುವ ಗುರುತು. ಝಡ್‌ಡಬ್ಲ್ಯುಎನ್‌ಜೆ. ಫೇಸ್‌ಬುಕ್ ಮತ್ತು ಫೇಸ್ಬುಕ್, ಈ ಎರಡನ್ನು ಬೇರೆ ಮಾಡುವುದು ಅದೇ. ಅಗಲವೇ ಇಲ್ಲದ ಗುರುತು. ಪದದ ಕೊನೆಯಲ್ಲಿ ಕೂತರೆ ಕಣ್ಣಿಗೂ ಕಾಣುವುದಿಲ್ಲ, ಸ್ಪೇಸ್ ತೆಗೆಯುವ ಸ್ಟ್ರಿಪ್‌ಗೂ ಸಿಗುವುದಿಲ್ಲ. ಎನ್ಎಫ್‌ಸಿ ಕೂಡ ಅದನ್ನು ತೆಗೆಯುವುದಿಲ್ಲ. ಮೊಗ್ರಾಲ್ ತರಹ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳಲ್ಲಿ ಇದು ಜಾಸ್ತಿ.

ಗಡಿಮನೆ | 7.44

ಹಾಗಾದರೆ ಎಲ್ಲ ಕಡೆಯಿಂದ ತೆಗೆದುಬಿಟ್ಟರೆ ಆಯಿತು.

ಆದವಾನಿ ಧ್ವನಿ | 7.50

ಬೇಡ. ತೆಗೆದರೆ ಬರಹ ಕೆಡುತ್ತದೆ, ಬಿಡಿಯಾಗಿ ಬರೆದದ್ದು ಒತ್ತಕ್ಷರ ಆಗಿಬಿಡುತ್ತದೆ. ಹೋಲಿಸುವಾಗ ಮಾತ್ರ ತೆಗೆದ ಪ್ರತಿ ಬಳಸಿ. ಮೂಲ ಹಾಗೇ ಇರಲಿ.

ಸೊಲ್ಲಾಪುರ ಚಾದರ | 8.30

ಸ್ವಾರಸ್ಯ ಏನು ಗೊತ್ತಾ? ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನೇ ಕನ್ನಡದಲ್ಲಿ ಇಡಬಹುದು. ಹಾಗೆ ಇಟ್ಟ ಹೆಸರನ್ನು ಅದು ತಾನೇ ನಾರ್ಮಲೈಸ್ ಮಾಡಿಕೊಳ್ಳುತ್ತದೆ. ಉದ್ಧರಣ ಚಿಹ್ನೆಯ ಒಳಗಿನ ಪಠ್ಯವನ್ನು ಮಾತ್ರ ಮುಟ್ಟುವುದಿಲ್ಲ. ಅದು ನಮ್ಮ ಡೇಟಾ, ನಮ್ಮ ಜವಾಬ್ದಾರಿ.

ಹೊಸೂರು ಗುಲಾಬಿ | 9.05

ಪೆರ್ಲದ ಅಕ್ಕಾ, ಆ ಕನ್ವರ್ಟರ್‌ಗೆ ಲೈಸೆನ್ಸ್ ಏನಿತ್ತು? ನಿಮ್ಮ ಪ್ರೋಗ್ರಾಂ ಬೇರೆ ಅಂಗಡಿಗೂ ಕೊಡುವುದಾದರೆ ನೋಡಬೇಕಾಗುತ್ತದೆ.

ಮಡಕಶಿರಾ ರಾಗಿ | 9.11

ನೆಟ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದಾರೆ ಅಂದರೆ ಬಳಸಲಿ ಅಂತಲೇ. ಅಡಿಕೆ ಅಂಗಡಿಯ ಲೆಕ್ಕಕ್ಕೆ ಲೈಸೆನ್ಸ್ ಕೇಳುವವರು ಯಾರು?

ಹೊಸೂರು ಗುಲಾಬಿ | 9.22

ಇದನ್ನು ನಾನು ಒಪ್ಪುವುದಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ ಎಲ್ಲರಿಗೂ ಕಾಣುತ್ತದೆ. ಹಾಗಂತ ತುಂಬಿಕೊಂಡು ಹೋಗುತ್ತೇವಾ? ಗಿಟ್‌ಹಬ್‌ನಲ್ಲಿ ಲೈಸೆನ್ಸ್ ಇಲ್ಲದೆ ಹಾಕಿದ್ದರೆ ನೋಡಬಹುದು, ಅಲ್ಲೇ ಫೋರ್ಕ್ (ಅಂದರೆ ನಮ್ಮದೊಂದು ಪ್ರತಿ) ಮಾಡಬಹುದು. ಉಳಿದ ಹಕ್ಕೆಲ್ಲ ಬರೆದವರದ್ದೇ. ಎಂಐಟಿ ಅಂತ ಇದ್ದರೆ ಅವರ ಹೆಸರಿನ ಸಾಲು ಮತ್ತು ಲೈಸೆನ್ಸಿನ ಪಠ್ಯ ಉಳಿಸಿಕೊಂಡು ಏನು ಬೇಕಾದರೂ ಮಾಡಬಹುದು. ಜಿಪಿಎಲ್ ಇದ್ದರೆ ಬೇರೆಯವರಿಗೆ ಕೊಡುವಾಗ ನಿಮ್ಮ ಕೋಡ್ ಕೂಡ ಅದೇ ಷರತ್ತಿನಲ್ಲಿ ತೆರೆದು ಕೊಡಬೇಕು. ಸ್ಟಾಕ್ ಓವರ್‌ಫ್ಲೋದ ಉತ್ತರಗಳು ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್ಎ ಲೈಸೆನ್ಸಿನವು, 2018ರ ಮೇ ತಿಂಗಳಿನಿಂದ ಬಂದವಕ್ಕೆ ಅದರ 4.0 ಆವೃತ್ತಿ. ಅಲ್ಲಿಂದ ತಂದರೆ ಬರೆದವರ ಹೆಸರು, ಲಿಂಕ್ ಒಂದು ಕಮೆಂಟಿನಲ್ಲಿ ಹಾಕಬೇಕು.

ಮಡಕಶಿರಾ ರಾಗಿ | 9.30

ಎರಡು ಸಾಲಿಗೂ?

ಚಂದ್ರಗಿರಿ ತೀರ | 9.41

ಎರಡು ಸಾಲಿಗೆ ಕಾನೂನು ಏನನ್ನುತ್ತದೆ ಅಂತ ವಾದ ಮಾಡುವುದಕ್ಕಿಂತ ಲಿಂಕ್ ಹಾಕುವುದು ಸುಲಭ. ಅದರಿಂದ ನಮಗೇ ಉಪಕಾರ. ಆರು ತಿಂಗಳ ನಂತರ ಈ ಸಾಲು ಯಾಕೆ ಹೀಗೆ ಬರೆದೆ ಅಂತ ಮರೆತಾಗ ಆ ಲಿಂಕೇ ನೆನಪು ಮಾಡಿಕೊಡುತ್ತದೆ.

ಪೆರ್ಲದವಳು | 10.10

ನೋಡಿದೆ. ಲೈಸೆನ್ಸ್ ಫೈಲ್ ಇಲ್ಲ. ಬರೆದವರಿಗೆ ಅಲ್ಲೇ ಇಶ್ಯೂ (ತೊಂದರೆ ತಿಳಿಸುವ ಪೋಸ್ಟ್) ಹಾಕಿ ಕೇಳಿದ್ದೇನೆ. ಒಡೆದ ಚಿಹ್ನೆಯ ವಿಷಯವನ್ನೂ ನನ್ನ 9 ಸಾಲಿನ ಕೋಡ್ ಸಮೇತ ಬರೆದಿದ್ದೇನೆ, ಅವರಿಗೂ ಉಪಯೋಗ ಆಗಲಿ ಅಂತ. ಇಂಗ್ಲಿಷ್‌ನಲ್ಲಿ ಬರೆಯಲು ಒಂದು ಗಂಟೆ ಹಿಡಿಯಿತು.

ತಾಳವಾಡಿ ಬೆಟ್ಟ | 10.18

ಇಲ್ಲಿ ಕೂಡ ಇಂಗ್ಲಿಷ್‌ನಲ್ಲಿ ಕೇಳಿದ್ದರೆ ಜಾಸ್ತಿ ಜನ ಉತ್ತರ ಕೊಡುತ್ತಿದ್ದರು ಅಂತ ನನಗೆ ಅನಿಸುತ್ತದೆ. ತಪ್ಪು ತಿಳಿಯಬೇಡಿ. ನಾನು ತಮಿಳು ಮಾಧ್ಯಮದಲ್ಲಿ ಓದಿ ಮನೆಯಲ್ಲಿ ಕನ್ನಡ ಕಲಿತವನು, ಭಾಷೆ ಮೇಲೆ ಪ್ರೀತಿ ಇದೆ. ಆದರೆ ಕೋಡ್ ವಿಷಯ ಬೇರೆ.

ಅಕ್ಕಲಕೋಟೆ ಮಾಸ್ತರ | 10.35

ಬೇರೆ ಹೇಗೆ? ಎಲ್ಲವೂ ದೀರ್ಘ ಇರುವ ಊರುಗಳು ಅಂತ ಆ ಹುಡುಗಿ ಬರೆದ ಒಂದು ಸಾಲಿನಿಂದ ಗಂಟು ಬಿಚ್ಚಿತು. ದೀರ್ಘ ಅಂದರೆ ಏನು ಅಂತ ಗೊತ್ತಿರುವವರು ಓದಿದರು, ಹಿಡಿದರು. ಗಡಿಯ ಈಚೆ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಕೋಡ್ ಬಗ್ಗೆ ಮಾತಾಡುವ ಜಾಗ ಎಷ್ಟಿದೆ ಹೇಳಿ. ಇಂಗ್ಲಿಷ್‌ನಲ್ಲೂ ಕೇಳಲಿ, ಬೇಡ ಅನ್ನುವುದಿಲ್ಲ. ಇಲ್ಲಿ ಕನ್ನಡದಲ್ಲೇ ಕೇಳಲಿ.

ಪೆರ್ಲದವಳು | 10.44

ನನಗೆ ಪೈಥಾನ್ ಮೊದಲು ಸಿಕ್ಕಿದ್ದೇ ಕನ್ನಡದಲ್ಲಿ. ನಮ್ಮದು ಕೇರಳದ ಸರಕಾರಿ ಶಾಲೆ, ಕನ್ನಡ ಮಾಧ್ಯಮ. ಲ್ಯಾಬ್‌ನಲ್ಲಿ ಲಿನಕ್ಸ್. ಹತ್ತನೇ ಕ್ಲಾಸಿನ ಐಸಿಟಿ ಪಾಠದಲ್ಲಿ ಪೈಥಾನ್ ಇತ್ತು. ಟೀಚರ್ ಒಂದು ಕಂಪ್ಯೂಟರ್‌ಗೆ ಮೂವರನ್ನು ಕೂರಿಸಿ ಲೂಪ್ ಬರೆಸಿದ್ದು ಇವತ್ತಿಗೂ ನೆನಪುಂಟು.

ಗಡಿಮನೆ | 10.52

ಲಿನಕ್ಸ್ ಕಲಿಸುತ್ತಿದ್ದರಾ! ನಮಗೆ ಪೇಂಟ್ ಬಿಟ್ಟರೆ ಬೇರೆ ತೋರಿಸಲಿಲ್ಲ.

ಸೊಲ್ಲಾಪುರ ಚಾದರ | 11.20

ಒಂದು ಕೋರಿಕೆ. ಕೋಡ್ ಲಿಂಕ್‌ನಲ್ಲಿ ಮಾತ್ರ ಇದೆ. ಪೇಸ್ಟ್ ಮಾಡಿದ್ದು ಅವಧಿ ಮುಗಿದು ಅಳಿಸಿ ಹೋದರೆ ಈ ಮಾತೆಲ್ಲ ಯಾವುದರ ಬಗ್ಗೆ ಅಂತ ಮುಂದಿನವರಿಗೆ ತಿಳಿಯುವುದಿಲ್ಲ. ಒಂಬತ್ತು ಸಾಲು ತಾನೇ, ಇಲ್ಲೇ ಹಾಕಿ. ನೂರು ಸಾಲು ಇದ್ದರೆ ಲಿಂಕ್.

ಚಂದ್ರಗಿರಿ ತೀರ | 11.26

ಲಿಂಕೂ ಇರಲಿ, ಕೋಡೂ ಇರಲಿ. ಲಿಂಕ್ ಇದ್ದರೆ ತಿದ್ದಿದ್ದು ಗೊತ್ತಾಗುತ್ತದೆ.

ಸೊಲ್ಲಾಪುರ ಚಾದರ | 11.28

ಆಗಲಿ. ಆದರೆ ಕೋಡ್ ಇಲ್ಲಿ ಇರಲೇಬೇಕು.

ಪೆರ್ಲದವಳು | ಸಂಜೆ 4.05

ಮೊದಲ ಪೋಸ್ಟ್ ತಿದ್ದಿದ್ದೇನೆ. ತಪ್ಪು ಇರುವ 9 ಸಾಲು, ಸರಿ ಮಾಡಿದ 11 ಸಾಲು, ಡೇಟಾ 12 ಸಾಲು ಮೂರೂ ಅಲ್ಲೇ ಉಂಟು. ಪೈಥಾನ್ ಆವೃತ್ತಿ ಯಾವುದು, ಯಾವ ಮೊತ್ತ ಬರಬೇಕಿತ್ತು, ಯಾವುದು ಬಂತು ಅಂತಲೂ ಬರೆದೆ. ನನ್ನ ಕೋಡಿಗೆ ಎಂಐಟಿ ಲೈಸೆನ್ಸ್ ಹಾಕಿದ್ದೇನೆ, ಬೇಕಾದವರು ತೆಗೆದುಕೊಳ್ಳಿ. ಝಡ್‌ಡಬ್ಲ್ಯುಎನ್‌ಜೆ ಹುಡುಕಿದೆ, ಮೊಗ್ರಾಲ್‌ನಲ್ಲಿ ಎರಡು ಕಡೆ ಇತ್ತು. ಬೈಗಳು ತಿಂದ ವಾಟ್ಸಾಪ್ ಗುಂಪಿಗೂ ಇದರ ಲಿಂಕ್ ಕಳಿಸಿದೆ.

ಅಕ್ಕಲಕೋಟೆ ಮಾಸ್ತರ | ರಾತ್ರಿ 8.15

ನಿನ್ನ 11 ಸಾಲನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಪಟ್ಟಿಯ ಮೇಲೆ ಓಡಿಸಿದೆ ತಂಗಿ. ಅದೂ ಹಳೆಯ ಫಾಂಟ್‌ನಿಂದ ತಂದದ್ದೇ. ಸೊಲ್ಲಾಪುರ ಎರಡು ಸಲ ಇತ್ತು, ಈಗ ಒಂದೇ. ಇನ್ನೂ ಮೂರು ಊರು ಕೂಡಿಕೊಂಡವು. ಒಂದು ಮಾತ್ರ ಕೂಡಲಿಲ್ಲ, ಅದರ ನಾಲ್ಕು ಸಾಲು ಕೆಳಗೆ ಹಾಕಿದ್ದೇನೆ. ಹೊಸೂರಿನವರು ಬಿಡುವಾದಾಗ ಉದ್ದ ಎಣಿಸಿ ನೋಡಿ.